ಕಾಲ್ಪನಿಕ ರೂಪಾಯಿ, ಅಸಲಿ ಚಾಳಿ

ಪ್ರಶ್ನೆ: ನಾನು ಹಾಸನದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ನೌಕರ. ಮಹಾರಾಜ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಸೇರುವ ಗೆಳೆಯರು, ಸಹೋದ್ಯೋಗಿಗಳು ಒಟ್ಟು ಹನ್ನೆರಡು ಮಂದಿ ಆರು ತಿಂಗಳ ಷೇರು ಆಟವೊಂದನ್ನು ಆಡಿದೆವು. ತಲಾ ಹತ್ತು ಲಕ್ಷ ಕಾಲ್ಪನಿಕ ರೂಪಾಯಿ. ಯಾವ ಷೇರನ್ನಾದರೂ ಆ ದಿನದ ಮುಕ್ತಾಯದ ಬೆಲೆಗೆ ಕೊಳ್ಳಬಹುದು, ಮಾರಬಹುದು. ಎಲ್ಲವನ್ನೂ ಒಬ್ಬರು ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದರು. ಗೆದ್ದವರಿಗೆ ಉಳಿದವರು ಊಟ ಹಾಕಿಸಬೇಕು, ಅಷ್ಟೇ ಬಹುಮಾನ. ಎರಡು ವರ್ಷದ ಹಿಂದೆ ನಮ್ಮ ಕಚೇರಿಗೆ ಸೇರಿದ ಹುಡುಗ ಶೇ 38 ಲಾಭ ತೋರಿಸಿ ಗೆದ್ದ. ಹದಿನೆಂಟು ವರ್ಷಗಳಿಂದ ನಿಜವಾದ ಹಣ ಹೂಡುತ್ತಿರುವ ನಾನು ಶೇ 2 ನಷ್ಟದೊಂದಿಗೆ ಒಂಬತ್ತನೆಯವನಾದೆ. ನನ್ನ ಪದ್ಧತಿಯೇ ತಪ್ಪೇ? ತಲಾ ಎರಡು ಲಕ್ಷ ನಿಜವಾದ ಹಣವನ್ನು ಆ ಹುಡುಗನ ಕೈಗೆ ಕೊಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಮುಂದಿನ ಸುತ್ತಿಗೆ ಐದು ಸಾವಿರ ರೂಪಾಯಿ ಪ್ರವೇಶ ಶುಲ್ಕ ಇಟ್ಟು, ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳು) ಕೂಡ ಸೇರಿಸೋಣ ಎಂಬುದು ಇನ್ನು ಕೆಲವರ ಉತ್ಸಾಹ. ಆಟದ ಪೂರ್ತಿ ದಾಖಲೆಯನ್ನು ಲಗತ್ತಿಸಿದ್ದೇನೆ. ದಯವಿಟ್ಟು ಸಲಹೆ ಕೊಡಿ.
ಓದುಗರು, ಹಾಸನ

ಉತ್ತರ: ಹುಡುಗನ ಕೈಗೆ ಹಣ ಕೊಡಬೇಡಿ. ಪ್ರವೇಶ ಶುಲ್ಕ ಇಡಬೇಡಿ. ಎರಡಕ್ಕೂ ಕಾರಣಗಳಿವೆ, ಮುಂದೆ ಬರೆಯುತ್ತೇನೆ. ನಿಮ್ಮ ಪದ್ಧತಿಯ ವಿಚಾರ ಸ್ವಲ್ಪ ದೀರ್ಘವಾದದ್ದು, ಅದನ್ನೇ ಮೊದಲು ನೋಡೋಣ. ನೀವು ದಾಖಲೆಯನ್ನು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಇಂಥ ಪಂದ್ಯಗಳಲ್ಲಿ ಎಲ್ಲರೂ ಕೊನೆಯ ಪುಟದ ಸ್ಥಾನಪಟ್ಟಿಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಡುತ್ತಾರೆ. ನನ್ನನ್ನು ಕೇಳಿದರೆ ಸ್ಥಾನಪಟ್ಟಿಯನ್ನು ಹರಿದು ಹಾಕಿ ಉಳಿದದ್ದನ್ನು ಜೋಪಾನ ಮಾಡಬೇಕು. ಯಾರು ಯಾವತ್ತು ಏನನ್ನು ಕೊಂಡರು, ಯಾವತ್ತು ಮಾರಿದರು, ಯಾವುದನ್ನು ಮಾರದೆ ಕೂತರು ಎಂಬ ಸಾಲುಗಳಲ್ಲಿ ಹನ್ನೆರಡು ಮಂದಿಯ ಸ್ವಭಾವ ಕಾಣುತ್ತದೆ. ಷೇರು ಆಯ್ಕೆ ಮಾಡುವ ಜಾಣ್ಮೆ ಯಾರಿಗಿದೆ ಎಂಬುದು ಮಾತ್ರ ಎಲ್ಲಿ ಹುಡುಕಿದರೂ ಕಾಣುವುದಿಲ್ಲ.

ಗೆದ್ದವರ ವಿಷಯದಿಂದಲೇ ಶುರು ಮಾಡೋಣ. ನಾಣ್ಯ ಚಿಮ್ಮಿ ನಾಲ್ಕು ಸಲ ಸತತವಾಗಿ ರಾಜನ ಮುಖ ಬೀಳಿಸುವುದು ಒಬ್ಬರಿಗೆ ಹದಿನಾರರಲ್ಲಿ ಒಂದು ಅವಕಾಶ. ಹನ್ನೆರಡು ಮಂದಿ ಚಿಮ್ಮಿದರೆ ಅವರಲ್ಲಿ ಒಬ್ಬರಿಗಾದರೂ ಹಾಗೆ ಬೀಳುವ ಸಂಭವ ಶೇ 54. ಅಂದರೆ, ಬೀಳುವುದಕ್ಕಿಂತ ಬೀಳದಿರುವುದೇ ವಿಶೇಷ. ದಾಖಲೆಯ ಪ್ರಕಾರ ಈ ಹುಡುಗ ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಷೇರುಗಳನ್ನು ಇಟ್ಟುಕೊಂಡಿಲ್ಲ, ಎರಡೂ ಸಣ್ಣ ಕಂಪನಿಗಳವು. ಅಂಥ ಪಟ್ಟಿ ಆರು ತಿಂಗಳಲ್ಲಿ ಶೇ 25ರಷ್ಟು ಮೇಲಕ್ಕೋ ಕೆಳಕ್ಕೋ ಹೋಗುವುದು ಏನೂ ಅಸಹಜವಲ್ಲ. ಹನ್ನೆರಡು ಮಂದಿಯೂ ಹೀಗೇ ಆಡಿದ್ದರೆ, ಯಾರಿಗೂ ಯಾವ ಪ್ರತಿಭೆ ಇಲ್ಲದಿದ್ದರೂ ಮೊದಲನೆಯವರು ಶೇ 40ರ ಆಸುಪಾಸಿನ ಲಾಭದಲ್ಲಿ, ಕೊನೆಯವರು ಹೆಚ್ಚುಕಡಿಮೆ ಅಷ್ಟೇ ನಷ್ಟದಲ್ಲಿ ಇರುತ್ತಿದ್ದರು. ಈಗ ನಿಮ್ಮ ಪಟ್ಟಿಯ ಕೊನೆಯ ಸಾಲನ್ನು ನೋಡಿ. ಶೇ 31 ನಷ್ಟ ಮಾಡಿಕೊಂಡ ಹನ್ನೆರಡನೆಯವರೂ ಎರಡೇ ಸಣ್ಣ ಷೇರುಗಳನ್ನು ಇಟ್ಟುಕೊಂಡವರು, ಅದೇ ವೇಗದಲ್ಲಿ ಅದಲು ಬದಲು ಮಾಡಿದವರು. ಮೊದಲನೆಯವರೂ ಕೊನೆಯವರೂ ಒಂದೇ ರೀತಿ ಆಡಿದ್ದಾರೆ. ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಗೇಲಿ.

ಹಾಗಾದರೆ ಎಷ್ಟು ಕಾಲ ಆಡಿದರೆ ಜಾಣ್ಮೆ ಯಾವುದು, ಅದೃಷ್ಟ ಯಾವುದು ಎಂದು ಬೇರೆ ಮಾಡಬಹುದು? ಲೆಕ್ಕ ಹಾಕಿದರೆ ಬೇಸರವಾಗುತ್ತದೆ. ಸೂಚ್ಯಂಕಕ್ಕಿಂತ, ಅಂದರೆ ಒಟ್ಟು ಮಾರುಕಟ್ಟೆಯ ಸರಾಸರಿಗಿಂತ, ವರ್ಷಕ್ಕೆ ಶೇ 3 ಹೆಚ್ಚು ಗಳಿಸುವ ಸಾಮರ್ಥ್ಯ ಒಬ್ಬರಿಗೆ ನಿಜಕ್ಕೂ ಇದೆ ಎಂದಿಟ್ಟುಕೊಳ್ಳಿ; ಅದು ದೊಡ್ಡ ಸಾಮರ್ಥ್ಯವೇ. ಅವರ ಫಲಿತಾಂಶ ಸೂಚ್ಯಂಕದಿಂದ ವರ್ಷಕ್ಕೆ ಶೇ 15ರಷ್ಟು ಅತ್ತಿತ್ತ ಓಲಾಡುತ್ತಿದ್ದರೆ, ಇದು ಅದೃಷ್ಟವಲ್ಲ ಎಂದು ಸಂಖ್ಯಾಶಾಸ್ತ್ರಜ್ಞರು ಒಪ್ಪುವ ಮಟ್ಟ ಮುಟ್ಟಲು ನೂರು ವರ್ಷ ಬೇಕು. ನೀವು ಆರು ತಿಂಗಳಲ್ಲಿ ತೀರ್ಪು ಕೊಟ್ಟಿದ್ದೀರಿ.

ನಿಮ್ಮದಕ್ಕಿಂತ ದೊಡ್ಡ ಪಂದ್ಯವೊಂದು ಅಮೆರಿಕದಲ್ಲಿ ನಡೆದಿತ್ತು, ಅವಧಿ ಹೆಚ್ಚಾಗಿ ನಿಮ್ಮ ಹಾಗೆಯೇ ಆರು ತಿಂಗಳು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 1988ರಲ್ಲಿ ಶುರು ಮಾಡಿ 2002ರವರೆಗೆ ಅದನ್ನು ನಡೆಸಿತು. ಹೂಡಿಕೆ ವೃತ್ತಿಪರರು ತಲಾ ಒಂದು ಷೇರನ್ನು ಆರಿಸಿಕೊಡಬೇಕು. ಅವರಿಗೆ ಎದುರಾಳಿಗಳು ಪತ್ರಿಕೆಯ ಸಿಬ್ಬಂದಿ, ಷೇರು ಪಟ್ಟಿಯ ಹಾಳೆಗೆ ಡಾರ್ಟ್ ಬಾಣ ಎಸೆದು ಚುಚ್ಚಿದ್ದೇ ಅವರ ಆಯ್ಕೆ. 1998ರಲ್ಲಿ ನೂರು ಸುತ್ತು ಮುಗಿದಾಗ ವೃತ್ತಿಪರರು ಬಾಣಗಳನ್ನು 61 ಸಲ ಸೋಲಿಸಿದ್ದರು. ಡೌ ಜೋನ್ಸ್ ಸೂಚ್ಯಂಕವನ್ನು ಸೋಲಿಸಿದ್ದು 51 ಸಲ ಮಾತ್ರ. ಸರಾಸರಿ ಗಳಿಕೆ ನೋಡಿದರೆ ವೃತ್ತಿಪರರದು ಶೇ 10.8, ಡೌ ಜೋನ್ಸ್‌ನದು ಶೇ 6.8, ಬಾಣಗಳದು ಶೇ 4.5. ಪರವಾಗಿಲ್ಲವಲ್ಲ ಎನ್ನಿಸುತ್ತದೆ. ಆದರೆ ಸಂಶೋಧಕರು ಬಗೆದು ನೋಡಿದಾಗ ಎರಡು ಸಂಗತಿ ಹೊರಬಿದ್ದವು: ವೃತ್ತಿಪರರು ಆರಿಸಿದ್ದು ಹೆಚ್ಚು ಏರಿಳಿತದ ಷೇರುಗಳನ್ನು, ಜೊತೆಗೆ, ಪತ್ರಿಕೆಯಲ್ಲಿ ಹೆಸರು ಬಂದ ಕೂಡಲೇ ಓದುಗರು ಮುಗಿಬಿದ್ದು ಕೊಳ್ಳುತ್ತಿದ್ದುದರಿಂದ ಬೆಲೆ ತಾನಾಗಿಯೇ ಜಿಗಿಯುತ್ತಿತ್ತು. ಇವೆರಡನ್ನು ಕಳೆದರೆ ಮೇಲುಗೈ ಬಹುಮಟ್ಟಿಗೆ ಕರಗಿಹೋಗುತ್ತದೆ.

ಇನ್ನೊಂದು ಸಾಲು ನನ್ನ ಗಮನ ಸೆಳೆಯಿತು. ಐದನೆಯ ತಿಂಗಳ ಕೊನೆಗೆ ಕೆಳಗಿನ ಐದು ಸ್ಥಾನಗಳಲ್ಲಿದ್ದವರ ಪೈಕಿ ನಾಲ್ವರು ಆರನೆಯ ತಿಂಗಳ ಮೊದಲ ವಾರದಲ್ಲೇ ದೊಡ್ಡ ಕಂಪನಿಗಳ ಷೇರುಗಳನ್ನು ಮಾರಿ ಒಂದೆರಡು ಬಿಸಿ ಷೇರುಗಳಿಗೆ ಹಾರಿದ್ದಾರೆ. ಆಟದ ನಿಯಮ ನೋಡಿದರೆ ಅವರದು ಸರಿಯಾದ ಲೆಕ್ಕವೇ. ಊಟ ಮೊದಲನೆಯವರಿಗೆ ಮಾತ್ರ. ಎಂಟನೆಯವರಿಗೂ ಹನ್ನೆರಡನೆಯವರಿಗೂ ಸಿಗುವುದು ಒಂದೇ, ಏನೂ ಇಲ್ಲ. ಹಾಗಿದ್ದಾಗ ಹುಷಾರಾಗಿ ಆಡಿ ಎಂಟನೆಯವರಾಗಿ ಉಳಿಯುವುದರಲ್ಲಿ ಏನು ಪ್ರಯೋಜನ? ಇದು ಪಾರ್ಕಿನ ಗೆಳೆಯರ ಚಪಲ ಮಾತ್ರ ಅಲ್ಲ. ಬ್ರೌನ್, ಹಾರ್ಲೋ, ಸ್ಟಾರ್ಕ್ಸ್ ಎಂಬ ಮೂವರು ಸಂಶೋಧಕರು ಅಮೆರಿಕದ 334 ಮ್ಯೂಚುವಲ್ ಫಂಡ್‌ಗಳ 1976ರಿಂದ 1991ರವರೆಗಿನ ಲೆಕ್ಕ ತೆಗೆದು 1996ರಲ್ಲಿ ಇದನ್ನೇ ತೋರಿಸಿದರು: ವರ್ಷದ ಮಧ್ಯದಲ್ಲಿ ಹಿಂದೆ ಬಿದ್ದ ಫಂಡ್ ವ್ಯವಸ್ಥಾಪಕರು ಉಳಿದ ತಿಂಗಳುಗಳಲ್ಲಿ, ಮುಂದಿದ್ದವರಿಗೆ ಹೋಲಿಸಿದರೆ, ಹೆಚ್ಚು ಅಪಾಯಕ್ಕೆ ಕೈಹಾಕುತ್ತಿದ್ದರು. ಅದು ಬೇರೆಯವರ ನಿಜವಾದ ಹಣ. ಸ್ಥಾನಪಟ್ಟಿ ಎಂಬುದೊಂದು ಕಣ್ಣಮುಂದೆ ಇದ್ದರೆ ಸಾಕು, ಮನುಷ್ಯ ಲಾಭಕ್ಕಾಗಿ ಆಡುವುದನ್ನು ಬಿಟ್ಟು ಸ್ಥಾನಕ್ಕಾಗಿ ಆಡತೊಡಗುತ್ತಾನೆ.

ಈಗ ನಿಮ್ಮ ಸಾಲಿಗೆ ಬರುತ್ತೇನೆ. ಸ್ವಲ್ಪ ಖಾರವಾಗಿ ಬರೆದರೆ ಬೇಸರಿಸಬೇಡಿ.

ನೀವು ಮೊದಲ ದಿನ ಎಂಟು ಷೇರುಗಳನ್ನು ಕೊಂಡಿರಿ. ಆಯ್ಕೆ ಚೆನ್ನಾಗಿಯೇ ಇತ್ತು, ನಾಲ್ಕಾರು ಉದ್ಯಮಗಳಿಗೆ ಹಂಚಿದ್ದಿರಿ. ಅವುಗಳಲ್ಲಿ ಏರಿದ ನಾಲ್ಕನ್ನು ಶೇ 8ರಿಂದ 10 ಲಾಭ ಕಂಡ ಕೂಡಲೇ ಮಾರಿದ್ದೀರಿ. ಇಳಿದ ಮೂರನ್ನು ಕೊನೆಯ ದಿನದವರೆಗೂ ಬಿಟ್ಟಿಲ್ಲ. ಸಾಲದೆಂಬಂತೆ, ಲಾಭದಿಂದ ಬಂದ ಹಣವನ್ನೂ ಅವಕ್ಕೇ ಸುರಿದು ಸರಾಸರಿ ಬೆಲೆ ಇಳಿಸಲು ನೋಡಿದ್ದೀರಿ. ನಾನು ಒಂದು ಸಣ್ಣ ಲೆಕ್ಕ ಮಾಡಿದೆ. ಮೊದಲ ದಿನದ ಆ ಎಂಟು ಷೇರುಗಳನ್ನು ಕೊಂಡು, ಎಕ್ಸೆಲ್ ಮುಚ್ಚಿ, ಆರು ತಿಂಗಳು ಬರೀ ನಡಿಗೆ ಮಾಡಿಕೊಂಡಿದ್ದರೆ ನಿಮ್ಮದು ಶೇ 7 ಲಾಭವಾಗುತ್ತಿತ್ತು. ಕೈ ಆಡಿಸಿದ್ದಕ್ಕೆ ತೆತ್ತ ಬೆಲೆ ಶೇ 9.

ಈ ಚಾಳಿಗೆ ಹಣಕಾಸು ಶಾಸ್ತ್ರದಲ್ಲಿ ಶೆಫ್ರಿನ್ ಮತ್ತು ಸ್ಟಾಟ್ಮನ್ ಎಂಬಿಬ್ಬರು 1985ರಲ್ಲೇ ಹೆಸರಿಟ್ಟಿದ್ದಾರೆ. ಟೆರೆನ್ಸ್ ಓಡೀನ್ ಎಂಬ ಪ್ರಾಧ್ಯಾಪಕರು ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ ಹತ್ತು ಸಾವಿರ ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಅದನ್ನು ಅಳೆದು ತೋರಿಸಿದರು. ಜನ ಲಾಭದ ಷೇರನ್ನು ಬೇಗ ಮಾರುತ್ತಾರೆ, ನಷ್ಟದ್ದನ್ನು ಹಿಡಿದು ಕೂರುತ್ತಾರೆ. ಮಾರಿದ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಹಿಡಿದಿಟ್ಟ ನಷ್ಟದ ಷೇರುಗಳಿಗಿಂತ ಸರಾಸರಿ 3.4 ಶೇಕಡಾಂಶ ಹೆಚ್ಚು ಗಳಿಸಿಕೊಟ್ಟಿದ್ದವು. ತೆರಿಗೆಯ ದೃಷ್ಟಿಯಿಂದಲೂ ಇದು ತಲೆಕೆಳಗಾದ ಕ್ರಮ. ನಮ್ಮಲ್ಲಿ ಲಾಭದ ಷೇರನ್ನು ಒಂದು ವರ್ಷದೊಳಗೆ ಮಾರಿದರೆ ಹೆಚ್ಚಿನ ದರದ ತೆರಿಗೆ. ನಷ್ಟದ್ದನ್ನು ಮಾರಿದರೆ ಆ ನಷ್ಟವನ್ನು ಬೇರೆ ಬಂಡವಾಳ ಲಾಭದ ಎದುರು ವಜಾ ಮಾಡಿಕೊಳ್ಳಬಹುದು, ಆದಾಯ ತೆರಿಗೆ ವಿವರಪಟ್ಟಿಯನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಉಳಿದದ್ದನ್ನು ಎಂಟು ವರ್ಷ ಮುಂದಕ್ಕೊಯ್ಯಬಹುದು. ಕಾನೂನು ಹೀಗೆ ದಾರಿ ತೋರಿಸುತ್ತಿದ್ದರೂ ನಾವು ಎದುರು ದಿಕ್ಕಿಗೆ ನಡೆಯುತ್ತೇವೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದ ಮಾತು. ನಿಮ್ಮ ದಾಖಲೆಯಲ್ಲಿ ಅದಕ್ಕಿಂತ ಕುತೂಹಲದ್ದು ಒಂದಿದೆ. ನಷ್ಟದ ಷೇರನ್ನು ಏಕೆ ಮಾರುವುದಿಲ್ಲ ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ‘ಹಾಕಿದ ದುಡ್ಡಾದರೂ ಬರಲಿ.’ ಆದರೆ ಈ ಆಟದಲ್ಲಿ ನೀವು ಹಾಕಿದ ದುಡ್ಡೇ ಇರಲಿಲ್ಲ! ಹತ್ತು ಲಕ್ಷವೂ ಕಾಲ್ಪನಿಕ. ಮಾರಿದ್ದರೆ ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಆದರೂ ಮಾರಲು ಕೈ ಬರಲಿಲ್ಲ ಎಂದ ಮೇಲೆ ತಡೆದದ್ದು ದುಡ್ಡಿನ ಮೋಹವಲ್ಲ. ಮಾರಿದ ಕೂಡಲೇ ಅದು ‘ನಷ್ಟ’ ಎಂದು ಎಕ್ಸೆಲ್‌ನಲ್ಲಿ ಕೂರುತ್ತದೆ, ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಹನ್ನೊಂದು ಮಂದಿ ಅದನ್ನು ಓದಿರುತ್ತಾರೆ. ಹದಿನೆಂಟು ವರ್ಷದ ಅನುಭವಿ ಎನ್ನಿಸಿಕೊಂಡವರಿಗೆ ಅದು ಮುಜುಗರ. ಮಾರದಿದ್ದರೆ ‘ಇನ್ನೂ ಕಾಯುತ್ತಿದ್ದೇನೆ’ ಎನ್ನಬಹುದು.

ಹಾಗಾಗಿ ಈಗಲೇ ನಿಮ್ಮ ನಿಜವಾದ ಡಿಮ್ಯಾಟ್ ಖಾತೆಯ ಹೋಲ್ಡಿಂಗ್ ಪಟ್ಟಿಯನ್ನು ತೆಗೆದು ನೋಡಿ. ಐದು ವರ್ಷಕ್ಕಿಂತ ಹಿಂದೆ ಕೊಂಡು ಇನ್ನೂ ಕೆಂಪಿನಲ್ಲಿ, ಅಂದರೆ ನಷ್ಟದಲ್ಲಿ, ಇರುವವು ಎಷ್ಟು, ಕಳೆದ ಐದು ವರ್ಷಗಳಲ್ಲಿ ಲಾಭಕ್ಕೆ ಮಾರಿದವು ಎಷ್ಟು, ಮಾರಿದ ಮೇಲೆ ಅವು ಎಲ್ಲಿಗೆ ಹೋದವು? ಈ ಮೂರಕ್ಕೆ ಉತ್ತರ ಬರೆದರೆ ‘ನನ್ನ ಪದ್ಧತಿ ತಪ್ಪೇ’ ಎಂಬ ಪ್ರಶ್ನೆಯನ್ನು ನೀವು ಮತ್ತೆ ಯಾರಿಗೂ ಕೇಳಬೇಕಾಗುವುದಿಲ್ಲ. ಪ್ರತಿಯೊಂದು ಕೆಂಪು ಷೇರಿನ ಮುಂದೆಯೂ ಇಷ್ಟು ಕೇಳಿಕೊಳ್ಳಿ: ಇದು ನನ್ನ ಬಳಿ ಇಲ್ಲದೆ ಈ ಮೊತ್ತದ ನಗದು ಮಾತ್ರ ಇದ್ದಿದ್ದರೆ, ಇಂದಿನ ಬೆಲೆಗೆ ಇದನ್ನೇ ಕೊಳ್ಳುತ್ತಿದ್ದೆನೇ? ಕೊಂಡ ಬೆಲೆ ನಿಮಗೆ ನೆನಪಿದೆ, ಷೇರಿಗೆ ನೆನಪಿಲ್ಲ.

ಹೀಗೆ ನಾನು ಎಲ್ಲರ ಸಾಲಿಗೂ ‘ಮುಟ್ಟದೆ ಬಿಟ್ಟಿದ್ದರೆ’ ಎಂಬ ಲೆಕ್ಕ ಹಾಕಿದೆ. ಹನ್ನೊಂದು ಮಂದಿ ಏನಾದರೂ ಬದಲಾವಣೆ ಮಾಡಿದವರು. ಅವರಲ್ಲಿ ಏಳು ಮಂದಿಗೆ ಮೊದಲ ದಿನದ ಪಟ್ಟಿಯೇ ಲೇಸಾಗಿತ್ತು. ಇದೊಂದು ಸುತ್ತಿನಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು, ಆದರೆ ದೊಡ್ಡ ಲೆಕ್ಕಗಳು ಹೇಳುವುದೂ ಇದನ್ನೇ. ಬಾರ್ಬರ್ ಮತ್ತು ಓಡೀನ್ 66,465 ಕುಟುಂಬಗಳ 1991ರಿಂದ 1996ರವರೆಗಿನ ವಹಿವಾಟು ನೋಡಿದರು. ಆ ಅವಧಿಯಲ್ಲಿ ಮಾರುಕಟ್ಟೆ ವರ್ಷಕ್ಕೆ ಶೇ 17.9 ಕೊಟ್ಟಿತ್ತು, ಅತಿ ಹೆಚ್ಚು ಕೊಡುಕೊಳ್ಳುವಿಕೆ ಮಾಡಿದವರಿಗೆ ದಕ್ಕಿದ್ದು ಶೇ 11.4. ಇದೇ ಇಬ್ಬರು 2001ರಲ್ಲಿ, ಗಂಡಸರು ಹೆಂಗಸರಿಗಿಂತ ಶೇ 45 ಹೆಚ್ಚು ವಹಿವಾಟು ನಡೆಸುತ್ತಾರೆ, ಅದರಿಂದಲೇ ಹೆಚ್ಚು ಕಳೆದುಕೊಳ್ಳುತ್ತಾರೆ ಎಂದೂ ಬರೆದರು. ನಿಮ್ಮ ಗುಂಪಿನಲ್ಲಿ ಒಮ್ಮೆಯೂ ಬದಲಾವಣೆ ಮಾಡದಿದ್ದ ಉಳಿದೊಬ್ಬರು ನಿವೃತ್ತ ಶಿಕ್ಷಕಿ. ಹತ್ತು ಲಕ್ಷವನ್ನೂ ನಿಫ್ಟಿ ಸೂಚ್ಯಂಕದ ಷೇರುಗಳನ್ನೇ ಕೊಂಡಿಡುವ ಇಂಡೆಕ್ಸ್ ಫಂಡಿಗೆ ಹಾಕಿ ಸುಮ್ಮನಿದ್ದರು; ಶೇ 6 ಲಾಭ, ಆರನೆಯ ಸ್ಥಾನ. ಹೀಗೆ ಆಡುವವರು ಇಂಥ ಪಂದ್ಯಗಳಲ್ಲಿ ಗೆಲ್ಲುವುದು ಅಪರೂಪ, ತಳ ಸೇರುವುದೂ ಅಪರೂಪ. ಹೆಚ್ಚಾಗಿ ನಡುವೆ ಎಲ್ಲೋ ಇರುತ್ತಾರೆ. ಅವರನ್ನು ಯಾರೂ ಸಲಹೆ ಕೇಳಲಿಲ್ಲ ಎಂದು ನಿಮ್ಮ ಪತ್ರದ ಧಾಟಿಯಿಂದಲೇ ಗೊತ್ತಾಗುತ್ತದೆ.

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು ಒಬ್ಬರಿದ್ದಾರಲ್ಲ, ಅವರ ಪಟ್ಟಿ ನನಗೆ ಬೇರೆ ಕಾರಣಕ್ಕೆ ಚಿಂತೆ ಹುಟ್ಟಿಸಿತು. ಅವರ ಆರು ಷೇರುಗಳಲ್ಲಿ ಐದು ಕಾಫಿ, ಚಹಾ, ತೋಟಗಾರಿಕೆಯ ಕಂಪನಿಗಳವು. ‘ನನಗೆ ಗೊತ್ತಿರುವ ವ್ಯಾಪಾರ’ ಎಂದು ಷರಾ ಬರೆದಿದ್ದಾರೆ. ಗೊತ್ತಿರುವುದು ನಿಜ. ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೋಬಸ್ಟಾ ದರ, ಐವತ್ತು ಕೆ.ಜಿ. ಮೂಟೆಗೆ ಇವತ್ತು ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಎಷ್ಟು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಎಷ್ಟು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ಆದರೆ ಕಾಫಿ ಪುಡಿ ಮಾಡಿ ಮಾರುವ ಕಂಪನಿಗೆ ಕಾಫಿ ಬೀಜದ ಬೆಲೆ ಏರಿದರೆ ಅದು ಖರ್ಚು, ಬೆಳೆಗಾರನಿಗೆ ಅದು ಆದಾಯ. ಎರಡೂ ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ. ತೋಟವಿರುವ ಕಂಪನಿಯಾದರೆ ಇನ್ನೊಂದು ತೊಂದರೆ: ಬೆಲೆ ಬಿದ್ದ ವರ್ಷ ಅವರ ಬೆಳೆಯೂ ಷೇರೂ ಒಟ್ಟಿಗೆ ಬೀಳುತ್ತವೆ. ಮಳೆ ಕೈಕೊಟ್ಟ ವರ್ಷಕ್ಕೆಂದು ಕೂಡಿಟ್ಟ ಹಣವೂ ಅದೇ ಮಳೆಯನ್ನು ನಂಬಿ ಕೂತಿರುತ್ತದೆ.

ಊರಿನ ಕಂಪನಿ, ನಮ್ಮ ಕಡೆಯ ಕಂಪನಿ ಎಂಬ ಒಲವು ಎಲ್ಲ ಕಡೆಯೂ ಇದೆ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಸಂಸ್ಥೆಯನ್ನು 1984ರಲ್ಲಿ ಒಡೆದು ಏಳು ಪ್ರಾದೇಶಿಕ ಕಂಪನಿಗಳನ್ನಾಗಿ ಮಾಡಿದ ಮೇಲೆ, ಜನರು ಹೆಚ್ಚಾಗಿ ತಮ್ಮ ಮನೆಗೆ ಫೋನ್ ಕೊಟ್ಟ ಕಂಪನಿಯ ಷೇರನ್ನೇ ಇಟ್ಟುಕೊಂಡಿದ್ದರು ಎಂದು ಹ್ಯೂಬರ್ಮನ್ ಎಂಬವರು 2001ರಲ್ಲಿ ತೋರಿಸಿದರು. ಏಳರಲ್ಲಿ ಯಾವುದನ್ನು ಬೇಕಾದರೂ ಕೊಳ್ಳಬಹುದಿತ್ತು. ನಮ್ಮ ಮಲೆನಾಡಿನವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಚಿಕ್ಕಮಗಳೂರಿನ ನಂಟಿನ ಕಾಫಿ ಡೇ ಎಂಟರ್‌ಪ್ರೈಸಸ್ 2015ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ವಿತರಣಾ ಬೆಲೆ 328 ರೂಪಾಯಿ. ಸಂಸ್ಥಾಪಕರು ಕಾಣೆಯಾದ ಸುದ್ದಿ ಬಂದ ನಂತರ, 2019ರ ಜುಲೈ 30ರಂದು ಷೇರು ಶೇ 20 ಬಿದ್ದು ಲೋವರ್ ಸರ್ಕ್ಯೂಟ್ ಮುಟ್ಟಿತು. 31ರಂದು ಮತ್ತೆ ಶೇ 20.

ಲೋವರ್ ಸರ್ಕ್ಯೂಟ್ ಎಂದೆನಲ್ಲ, ನಿಮ್ಮ ಆಟ ನಿಜದಿಂದ ತೀರಾ ದೂರ ಸರಿಯುವುದು ಇಲ್ಲಿಯೇ. ಬಹುತೇಕ ಷೇರುಗಳ ಬೆಲೆ ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಬೀಳುವಂತಿಲ್ಲ ಎಂಬ ಮಿತಿಯನ್ನು ಷೇರು ವಿನಿಮಯ ಕೇಂದ್ರಗಳು ಹಾಕಿರುತ್ತವೆ; ಷೇರಿಗೆ ತಕ್ಕಂತೆ ಶೇ 2, 5, 10 ಅಥವಾ 20. ಕೆಟ್ಟ ಸುದ್ದಿ ಬಂದ ದಿನ ಬೆಲೆ ಆ ಮಿತಿಗೆ ಬಂದು ನಿಂತಾಗ ಮಾರುವವರು ಸಾಲುಗಟ್ಟಿರುತ್ತಾರೆ, ಕೊಳ್ಳುವವರು ಇರುವುದಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ ‘ಇಂದಿನ ಮುಕ್ತಾಯದ ಬೆಲೆಗೆ ಮಾರಾಟ’ ಎಂದು ಬರೆದರೆ ಮುಗಿಯಿತು. ವಿಜೇತ ಹುಡುಗ ಒಂದು ಸಣ್ಣ ಷೇರಿನಿಂದ ಹೀಗೆಯೇ ಪಾರಾಗಿದ್ದಾನೆ. ಅದು ಸತತ ಮೂರು ದಿನ ಲೋವರ್ ಸರ್ಕ್ಯೂಟಿನಲ್ಲಿತ್ತು, ಅವನು ಮೊದಲ ದಿನವೇ ‘ಮಾರಿದ’. ಯಾರಿಗೆ ಮಾರಿದ?

ಖರ್ಚಿನ ಲೆಕ್ಕವೂ ಬಿಟ್ಟುಹೋಗಿದೆ. ಅವನ ಒಟ್ಟು ವಹಿವಾಟು, ಕೊಂಡದ್ದು ಮಾರಿದ್ದು ಸೇರಿ, ಸುಮಾರು 90 ಲಕ್ಷ. ಷೇರು ನಿಜವಾಗಿ ಖಾತೆಗೆ ಬರುವ ಡೆಲಿವರಿ ವಹಿವಾಟಿಗೆ ಎರಡೂ ಕಡೆ ಶೇ 0.1 ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಎಂದರೆ 9,000 ರೂಪಾಯಿ. ಕೊಂಡದ್ದರ ಮೇಲೆ ಶೇ 0.015 ಮುದ್ರಾಂಕ ಶುಲ್ಕ, ಸುಮಾರು 675. ಗಳಿಸಿದ 3.8 ಲಕ್ಷವೂ ಅಲ್ಪಾವಧಿ ಲಾಭ. 2024ರ ಜುಲೈ 23ರಿಂದ ಅದಕ್ಕೆ ಶೇ 20 ತೆರಿಗೆ, ಮೇಲೆ ಶೇ 4 ಸೆಸ್, ಒಟ್ಟು 79,040. ಬ್ರೋಕರ್ ಶುಲ್ಕ ಬಿಟ್ಟರೂ ಸುಮಾರು 89 ಸಾವಿರ ಹೋಗಿ ಶೇ 38 ಎಂಬುದು ಶೇ 29 ಆಗುತ್ತದೆ. ಆಗಲೂ ಮೊದಲ ಸ್ಥಾನ ಅವನದೇ, ಒಪ್ಪೋಣ.

ಆಟ ತೋರಿಸಲಾರದ್ದು ಇನ್ನೊಂದಿದೆ, ಭಯ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ 13 ಬಿತ್ತು. ಅಂದು ಯಾರು ಏನು ಮಾಡಿದರು ಎಂಬುದು ಅವರ ಬ್ಯಾಂಕ್ ಖಾತೆ, ಮನೆ ಸಾಲ, ಮಗಳ ಮದುವೆಯ ತಾರೀಖು ಇವುಗಳ ಮೇಲೆ ನಿಂತಿತ್ತು. ಕಾಲ್ಪನಿಕ ಹತ್ತು ಲಕ್ಷಕ್ಕೆ ಯಾರೂ ನಿದ್ದೆಗೆಡುವುದಿಲ್ಲ. ಶೇ 31 ಕಳೆದುಕೊಂಡ ನಿಮ್ಮ ಗೆಳೆಯರು ಗೇಲಿ ಸಹಿಸಿ ನಕ್ಕರು ಎಂದು ಬರೆದಿದ್ದೀರಿ. ಅವರ ಭವಿಷ್ಯನಿಧಿಯ 3.1 ಲಕ್ಷ ಹೋಗಿದ್ದರೆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಆದ್ದರಿಂದ ಆಟದಲ್ಲಿ ಧೈರ್ಯ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ; ಚಾಳಿ ಕಂಡರೆ ಖಂಡಿತ ಹಿಡಿಯಿರಿ. ದುಡ್ಡೇ ಇಲ್ಲದಾಗ ಕಾಣಿಸಿಕೊಂಡ ಚಾಳಿ ದುಡ್ಡಿದ್ದಾಗ ಎಲ್ಲಿ ಹೋಗುತ್ತದೆ?

ಹುಡುಗನ ಕೈಗೆ ಹಣ ಕೊಡುವ ವಿಷಯ. ಪ್ರತಿಫಲ ಪಡೆದು ಇನ್ನೊಬ್ಬರ ಹೂಡಿಕೆ ನಿರ್ವಹಿಸಬೇಕಾದರೆ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ಪೋರ್ಟ್‌ಫೋಲಿಯೊ ಮ್ಯಾನೇಜರ್ ಎಂದು ನೋಂದಣಿಯಾಗಿರಬೇಕು. ಹಾಗೆ ನೋಂದಣಿಯಾದವರೂ ಒಬ್ಬ ಗ್ರಾಹಕರಿಂದ 50 ಲಕ್ಷಕ್ಕಿಂತ ಕಡಿಮೆ ಪಡೆಯುವಂತಿಲ್ಲ. ಶುಲ್ಕಕ್ಕೆ ಸಲಹೆ ಕೊಡುವುದಕ್ಕೂ 2013ರ ನಿಯಮಗಳ ಪ್ರಕಾರ ನೋಂದಣಿ ಬೇಕು. ‘ಅವನು ಏನೂ ತೆಗೆದುಕೊಳ್ಳುವುದಿಲ್ಲ, ಸ್ನೇಹಕ್ಕೆ ಮಾಡುತ್ತಾನೆ’ ಎಂದರೂ ಹಣ ಅವನ ಖಾತೆಗೆ ಹೋದ ಮೇಲೆ ಷೇರುಗಳು ಅವನ ಹೆಸರಿನಲ್ಲಿ, ತೆರಿಗೆ ಅವನ ಹೆಸರಿನಲ್ಲಿ, ನಾಳೆ ಮನಸ್ತಾಪವಾದರೆ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ನಿಮ್ಮ ಡಿಮ್ಯಾಟ್ ಖಾತೆಯ ಪಾಸ್‌ವರ್ಡ್ ಕೊಡುವುದಂತೂ ಇನ್ನೂ ಕೆಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವನಿಗೆ ಹಿರಿಯರಾಗಿ ನೀವೇ ಹೇಳಬೇಕು: 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 16ನೆಯ ನಿಯಮ ಸರ್ಕಾರಿ ನೌಕರರು ಷೇರುಗಳಲ್ಲಿ ಸಟ್ಟಾ ನಡೆಸುವುದನ್ನು ನಿಷೇಧಿಸುತ್ತದೆ, ಮೇಲಿಂದ ಮೇಲೆ ಕೊಳ್ಳುವುದು ಮಾರುವುದನ್ನು ಸಟ್ಟಾ ಎಂದೇ ಪರಿಗಣಿಸುತ್ತದೆ. ಹೂಡಿಕೆಗೆ ಅಡ್ಡಿಯಿಲ್ಲ. ಆರು ತಿಂಗಳಲ್ಲಿ 90 ಲಕ್ಷದ ವಹಿವಾಟನ್ನು ಹೂಡಿಕೆ ಎಂದು ಮೇಲಧಿಕಾರಿಗಳಿಗೆ ವಿವರಿಸುವುದು ಸುಲಭವಲ್ಲ. ನಿಮ್ಮೆಲ್ಲರ ಆಸೆಗೆ ಅವನ ಕೆಲಸಕ್ಕೆ ಕುತ್ತು ತರಬೇಡಿ.

ಪ್ರವೇಶ ಶುಲ್ಕದ ವಿಷಯ. ಷೇರು ಬೆಲೆ ಆಧರಿಸಿದ ಲೀಗ್, ಸ್ಪರ್ಧೆಗಳ ಬಗ್ಗೆ ಸೆಬಿ 2016ರ ಆಗಸ್ಟ್‌ನಲ್ಲೇ ಹೂಡಿಕೆದಾರರನ್ನು ಎಚ್ಚರಿಸಿತ್ತು. 2024ರ ಮೇ ತಿಂಗಳಲ್ಲಿ, ಇಂಥ ಆಟದ ವೇದಿಕೆಗಳಿಗೆ ತಾಜಾ ಬೆಲೆಯ ಮಾಹಿತಿ ಕೊಡಬಾರದೆಂದು ಷೇರು ವಿನಿಮಯ ಕೇಂದ್ರಗಳಿಗೆ ಸೂಚಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೊಮ್ಮೆ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಅಲ್ಲಿ ಹಣ ಕಟ್ಟಿ ಮೋಸ ಹೋದರೆ ಹೂಡಿಕೆದಾರರ ರಕ್ಷಣೆಯ ಯಾವ ವ್ಯವಸ್ಥೆಯೂ ನೆರವಿಗೆ ಬರುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆಯೂ ಸಿಕ್ಕಿತು. ಗೆಳೆಯರು ಎಕ್ಸೆಲ್‌ನಲ್ಲಿ ಬರೆದು ಊಟಕ್ಕೆ ಹೋಗುವುದು ಒಂದು, ಅರವತ್ತು ಸಾವಿರ ರೂಪಾಯಿ ಕೂಡಿಸಿ ಒಬ್ಬರಿಗೆ ಕೊಡುವುದು ಇನ್ನೊಂದು. ವಕೀಲರನ್ನು ಕೇಳಬೇಕಾದ ಪರಿಸ್ಥಿತಿಯನ್ನೇ ತಂದುಕೊಳ್ಳಬೇಡಿ. ಕಾನೂನು ಹಾಗಿರಲಿ, ಅರವತ್ತು ಸಾವಿರ ಒಬ್ಬರಿಗೇ ಹೋಗುವುದಾದರೆ ಹನ್ನೆರಡು ಮಂದಿಯೂ ಮೊದಲ ದಿನವೇ ಒಂದೊಂದು ಷೇರಿಗೆ ಎಲ್ಲವನ್ನೂ ಸುರಿಯುತ್ತಾರೆ. ಆಪ್ಷನ್ಸ್ ಸೇರಿಸಿದರಂತೂ ಕೇಳುವುದೇ ಬೇಡ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ವಹಿವಾಟುದಾರರ ಪೈಕಿ ಶೇ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು ಎಂದು ಸೆಬಿಯ ಅಧ್ಯಯನವೇ ಹೇಳಿದೆ. ಕಾಲ್ಪನಿಕ ಹಣದಲ್ಲಿ ಅದರ ರುಚಿ ಹತ್ತಿಸಿಕೊಳ್ಳುವುದು ಬೇಡ.

ಆಟವನ್ನು ನಿಲ್ಲಿಸಿ ಎಂದು ಮಾತ್ರ ಹೇಳುವುದಿಲ್ಲ. ಮುಂದಿನ ಸುತ್ತನ್ನು ಎರಡು ವರ್ಷಕ್ಕೆ ಎಳೆಯಿರಿ. ಯಾವ ಷೇರಿಗೂ ಶೇ 20ಕ್ಕಿಂತ ಹೆಚ್ಚು ಬೇಡ. ಪ್ರತಿ ವಹಿವಾಟಿನಿಂದ ಎಸ್‌ಟಿಟಿ, ಮುದ್ರಾಂಕ ಶುಲ್ಕ ಮುರಿದುಕೊಳ್ಳಿ. ಸರ್ಕ್ಯೂಟಿನಲ್ಲಿರುವ ಷೇರನ್ನು ಆ ದಿನ ಮಾರುವಂತಿಲ್ಲ ಎಂದು ಬರೆಯಿರಿ. ಕೊಳ್ಳುವ ಮೊದಲು ಕಾರಣವನ್ನು ಒಂದು ಸಾಲಿನಲ್ಲಿ ಬರೆಯಬೇಕು, ಮಾರುವಾಗ ಆ ಸಾಲಿಗೆ ಏನಾಯಿತು ಎಂದೂ ಬರೆಯಬೇಕು. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಮೂರು ತಿಂಗಳು ಕಾಣದಂತಿರಲಿ: ಎರಡನೆಯ ತಿಂಗಳ ಒಂದೇ ವಾರದಲ್ಲಿ ನಿಮ್ಮಲ್ಲಿ ನಾಲ್ವರು ಒಂದೇ ಬ್ಯಾಂಕಿನ ಷೇರು ಕೊಂಡಿದ್ದೀರಿ, ಆ ವಾರದ ನಡಿಗೆಯಲ್ಲಿ ಯಾರ ಮಾತು ಜೋರಾಗಿತ್ತೆಂದು ನಾನು ಊಹಿಸಬಲ್ಲೆ. ಸ್ಥಾನಪಟ್ಟಿಯ ಬದಲು, ಮೊದಲ ದಿನದ ತಮ್ಮದೇ ಪಟ್ಟಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಅಳೆಯಿರಿ. ಆಗ ಒಬ್ಬೊಬ್ಬರ ಎದುರಾಳಿಯೂ ಅವರೇ ಆಗುತ್ತಾರೆ. ನಿಫ್ಟಿಗೆ ಒಂದು ಸಾಲು, ಚೀಟಿ ಎತ್ತಿ ಆರಿಸಿದ ಹತ್ತು ಷೇರುಗಳಿಗೆ ಇನ್ನೊಂದು ಸಾಲು ಇರಲಿ. ಚೀಟಿ ಯಾರನ್ನೆಲ್ಲ ಸೋಲಿಸುತ್ತದೆ ಎಂದು ನೋಡುವುದೂ ಒಂದು ಮೋಜು.

ಲಾಭಾಂಶ, ಬೋನಸ್, ಮುಖಬೆಲೆ ವಿಭಜನೆ ಇವನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ. ಈ ಸಲ ಮರೆತಿದ್ದೀರಿ. ಹತ್ತನೆಯ ಸ್ಥಾನದವರು ಎರಡು ಲಕ್ಷಕ್ಕೆ ಕೊಂಡ ಷೇರು ನಾಲ್ಕನೆಯ ತಿಂಗಳಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಷೇರು ಉಚಿತವಾಗಿ, ಕೊಟ್ಟಿದೆ. ಬೆಲೆ ಅರ್ಧಕ್ಕಿಳಿದದ್ದನ್ನು ನಿಮ್ಮ ಎಕ್ಸೆಲ್ ಹಿಡಿದಿದೆ, ಷೇರಿನ ಸಂಖ್ಯೆ ಎರಡರಷ್ಟಾದದ್ದನ್ನು ಹಿಡಿದಿಲ್ಲ. ಹಾಗಾಗಿ ಅವರಿಗೆ ಇಲ್ಲದ ಒಂದು ಲಕ್ಷದ ನಷ್ಟ ಅಂಟಿಕೊಂಡಿದೆ. ಅದನ್ನು ಸರಿಪಡಿಸಿದರೆ ಶೇ 5 ನಷ್ಟ ಎಂದಿರುವುದು ಶೇ 5 ಲಾಭವಾಗುತ್ತದೆ, ಅವರು ಶಿಕ್ಷಕಿಯ ಬೆನ್ನಿಗೇ ಏಳನೆಯ ಸ್ಥಾನಕ್ಕೆ ಬರುತ್ತಾರೆ. ನೀವು ಹತ್ತಕ್ಕೆ ಇಳಿಯುತ್ತೀರಿ.